ಪಕ್ಕದವರ ಬುಟ್ಟಿಗೆ ಇಣುಕಬೇಕೆ?

ಅಮೆರಿಕದ ಅಧ್ಯಕ್ಷ ಟ್ರಂಪ್ 2025ರ ಆರಂಭದಲ್ಲಿ ಕೆನಡಾದ ಸರಕಿನ ಮೇಲೆ ಶೇ 25ರಷ್ಟು ಸುಂಕ ಹೇರಿದರು. ಈ ದೇಶವನ್ನು ತಮ್ಮ 51ನೇ ರಾಜ್ಯ ಎಂದೂ ಲೇವಡಿ ಮಾಡಿದರು. ಇಲ್ಲಿನ ಜನ ಅದಕ್ಕೆ ಉತ್ತರ ಕೊಟ್ಟಿದ್ದು ಹೆಚ್ಚಾಗಿ ದಿನಸಿ ಅಂಗಡಿಯಲ್ಲಿ. ಕ್ಯಾಲಿಫೋರ್ನಿಯಾದ ಸ್ಟ್ರಾಬೆರಿ, ಫ್ಲಾರಿಡಾದ ಕಿತ್ತಳೆ ರಸವನ್ನು ಕೈಗೆತ್ತಿಕೊಂಡವರು ಚೀಟಿ ಓದಿ ವಾಪಸ್ ಇಡತೊಡಗಿದರು. ಮಾರ್ಚ್ 4ರಂದು ಒಂಟಾರಿಯೊದ ಸರ್ಕಾರಿ ಮದ್ಯದಂಗಡಿಗಳು ಅಮೆರಿಕದ ಬಾಟಲಿಗಳನ್ನು ತೆಗೆದವು. ಆ ತಿಂಗಳು ಕೆನಡಾ ನಿವಾಸಿಗಳು ಕಾರಿನಲ್ಲಿ ಅಮೆರಿಕಕ್ಕೆ ಹೋಗಿಬಂದ ಪ್ರಯಾಣಗಳು ಹಿಂದಿನ ವರ್ಷದ ಮಾರ್ಚ್‌ಗಿಂತ ಸುಮಾರು ಶೇ 32ರಷ್ಟು ಕಡಿಮೆಯಾದವು. ಸದಸ್ಯತ್ವ ಇಲ್ಲ, ಚಂದಾ ಇಲ್ಲ. ಐಸ್ ಹಾಕಿಯಿಂದ ಬಂದ ‘ಎಲ್ಬೋಸ್ ಅಪ್’ ಎಂಬ ಮಾತೇ ಘೋಷಣೆ.

ಟೊರಾಂಟೊ ಸುತ್ತಮುತ್ತಲಿನ ನಾವು ಕೆಲವು ಕನ್ನಡ ಕುಟುಂಬಗಳೂ ಇದಕ್ಕೆ ಕೈಜೋಡಿಸಿದೆವು. ಬದನವಾಳು, ಗರಗದ ಖಾದಿಯ ಕತೆ ಕೇಳಿ ಬೆಳೆದವರಿಗೆ ಸ್ವದೇಶಿ ಎಂಬ ಪದ ಹೊಸದೇನಲ್ಲ. ಆದರೆ ಯಾವುದು ಸ್ವದೇಶ? ನಮ್ಮ ತೊಗರಿಬೇಳೆ, ಹುಣಸೆಹಣ್ಣು, ಬ್ಯಾಡಗಿ ಮೆಣಸಿನಕಾಯಿ ಅಮೆರಿಕದ್ದೂ ಅಲ್ಲ, ಕೆನಡಾದ್ದೂ ಅಲ್ಲ. ಕೆನಡಾದ್ದೇ ಬೇಕೆಂದರೆ ಸಸ್ಕ್ಯಾಚವಾನ್‌ನ ಮಸೂರ ಬೇಳೆ ಇದೆ. ಭಾರತವೂ ಕೊಳ್ಳುವ ಬೇಳೆ ಅದು. ಸಾರಿಗೆ ಹಾಕಿ ನೋಡಿದೆವು. ಮಕ್ಕಳು ಉಂಡರು, ಊರಿಂದ ಬಂದಿದ್ದ ಅಜ್ಜಿಯಂದಿರು ಒಪ್ಪಲಿಲ್ಲ.

ಚೀಟಿ ಓದುವುದನ್ನಂತೂ ಕಲಿತೆವು. ಆಹಾರದ ಪೊಟ್ಟಣದ ಮೇಲೆ ‘ಪ್ರಾಡಕ್ಟ್ ಆಫ್ ಕೆನಡಾ’ ಎಂದಿದ್ದರೆ ಒಳಗಿನ ಪದಾರ್ಥವೂ ದುಡಿಮೆಯೂ ಹೆಚ್ಚುಕಡಿಮೆ ಪೂರ್ತಿ ಇಲ್ಲಿಯದೇ ಇರಬೇಕು. ‘ಮೇಡ್ ಇನ್ ಕೆನಡಾ’ ಎಂದರೆ ಕೊನೆಯ ಮುಖ್ಯ ತಯಾರಿಕೆ ಇಲ್ಲಿ ನಡೆದಿದ್ದರೆ ಸಾಕು, ಪದಾರ್ಥ ಹೊರಗಿನದಿರಬಹುದು. ಅಂಗಡಿಯವರು ಅಂಟಿಸುವ ಮೇಪಲ್ ಎಲೆಯನ್ನಷ್ಟೇ ನಂಬುವಂತಿಲ್ಲ.

ಇಷ್ಟರವರೆಗೆ ಸರಿ. ನಮಗೆ ಕಸಿವಿಸಿಯಾಗಿದ್ದು ಬೇರೆ ಕಾರಣಕ್ಕೆ. ರಾತ್ರಿ ಪಾಳಿಯಲ್ಲಿ ಗೋದಾಮಿನ ಕೆಲಸ ಮಾಡಿ ಓದುವ ಹುಡುಗಿಯೊಬ್ಬಳು ಒಂದು ಡಾಲರ್ ಉಳಿಯುತ್ತದೆಂದು ಅಮೆರಿಕದ ಹೂಕೋಸು ಕೊಂಡಿದ್ದಳು. ನಮ್ಮ ತಿಂಗಳ ಊಟದ ಕೂಟದಲ್ಲಿ ಯಾರೋ, ‘ಇದೇನಮ್ಮಾ, ಈಗಲೂ ಅಮೆರಿಕದ್ದೇ?’ ಎಂದುಬಿಟ್ಟರು. ಮಗಳ ಬಾಣಂತನಕ್ಕೆ ನ್ಯೂಜೆರ್ಸಿಗೆ ಹೊರಟ ಅಮ್ಮನಿಗೂ ಇಂಥದ್ದೇ ಚುಚ್ಚುಮಾತು. ನಮ್ಮಲ್ಲಿ ಬಹುತೇಕರಿಗೆ ಗಡಿಯಾಚೆ ಅಣ್ಣನೋ ಅಕ್ಕನೋ ಇದ್ದಾರೆ. ಅವರು ಸುಂಕ ಹಾಕಿದವರಲ್ಲ.

ಈ ಬಹಿಷ್ಕಾರದ ಬಲವಿರುವುದು ಅದನ್ನು ಯಾರೂ ಯಾರ ಮೇಲೂ ಹೇರಿಲ್ಲ ಎಂಬುದರಲ್ಲಿ. ಅದು ನಿಷ್ಠೆಯ ಪರೀಕ್ಷೆಯಾದರೆ ಮೊದಲು ಪ್ರಶ್ನೆಗೆ ಒಳಗಾಗುವವರು ನಮ್ಮಂಥ ವಲಸಿಗರೇ. ‘ನೀವು ಎಲ್ಲಿಯವರು’ ಎಂದು ನಮ್ಮನ್ನು ಕೇಳುವುದು ಈಗಲೂ ನಿಂತಿಲ್ಲವಲ್ಲ. ಅದೇ ಪ್ರಶ್ನೆಯನ್ನು ನಾವೇ ನಮ್ಮ ಹುಡುಗಿಯೊಬ್ಬಳ ಹೂಕೋಸಿಗೆ ಕೇಳುವುದೇ? ಕಾಳಜಿ ತೋರಲು ಬೇರೆ ಜಾಗಗಳಿವೆ. ಒಂಟಾರಿಯೊದ ಕಾರು ಉದ್ಯಮವನ್ನು ನೆಚ್ಚಿಕೊಂಡ ಕಾರ್ಮಿಕರಿಗೆ ಸುಂಕ ಎಂದರೆ ಕೆಲಸ ಉಳಿಯುವುದೋ ಹೋಗುವುದೋ ಎಂಬ ಮಾತು. ಅಂಥ ಮನೆಗಳ ಕಷ್ಟ ವಿಚಾರಿಸಲು ಮೇಪಲ್ ಎಲೆ ಹುಡುಕಬೇಕಾಗಿಲ್ಲ.

2025ರ ಸೆಪ್ಟೆಂಬರ್ 1ರಿಂದ ಕೆನಡಾ ಸರ್ಕಾರವೇ ಅಮೆರಿಕದ ಅನೇಕ ಸರಕುಗಳ ಮೇಲಿನ ತನ್ನ ಪ್ರತಿಸುಂಕ ಕೈಬಿಟ್ಟಿತು. ನಾವು ಮಾತ್ರ ಚೀಟಿ ಓದುವುದನ್ನು ಬಿಟ್ಟಿಲ್ಲ, ಅವರವರ ಮನೆಯ ಮಟ್ಟಿಗೆ. ತಿಂಗಳ ಕೂಟಕ್ಕೆ ಯಾರು ಏನು ಬೇಕಾದರೂ ಮಾಡಿ ತರಬಹುದು, ತರಕಾರಿ ಎಲ್ಲಿಯದೆಂದು ಕೇಳುವಂತಿಲ್ಲ ಎಂದು ತೀರ್ಮಾನಿಸಿದ್ದೇವೆ. ಆ ಹುಡುಗಿ ಈಗ ಮತ್ತೆ ಬರುತ್ತಿದ್ದಾಳೆ.