ಟೊಳ್ಳಾದ ಮಾತ್ರಕ್ಕೆ ಮರ ಸತ್ತಿಲ್ಲ

ಸ್ಕಾಟ್ಲೆಂಡಿನ ಫೋರ್ಟಿಂಗಲ್ ಚರ್ಚಿನ ಅಂಗಳದಲ್ಲಿರುವ ಯೂ ಮರದ ಸುತ್ತಳತೆ 1769ರಲ್ಲಿ ಸುಮಾರು 16 ಮೀಟರ್ ಇತ್ತೆಂಬ ದಾಖಲೆಯಿದೆ. ಇಂದು ಉಳಿದಿರುವುದು ಸೀಳಿಹೋದ ಕಾಂಡದ ಕೆಲವು ಭಾಗಗಳಷ್ಟೆ; ನೆನಪಿಗೆಂದು ರೆಂಬೆ ಮುರಿದೊಯ್ದವರ ಪಾಲೂ ಇದರಲ್ಲಿದೆ. ತಿರುಳು ಕರಗಿಹೋಗಿರುವುದರಿಂದ ಉಂಗುರ ಎಣಿಸಿ ವಯಸ್ಸು ಹೇಳುವಂತಿಲ್ಲ. ಹಾಗೆಂದು ಟೊಳ್ಳನ್ನೇ ಕಾಯಿಲೆ ಎನ್ನಲಾಗದು. ನೀರು ಸಾಗಿಸುವುದು ಹೊರಪದರದ ಮರ. ಟೊಳ್ಳಿನೊಳಕ್ಕೇ ಬೇರು ಇಳಿಬಿಟ್ಟು ಮತ್ತೆ ಕಾಂಡ ಕಟ್ಟಿಕೊಳ್ಳುವ ಶಕ್ತಿ ಯೂಗಿದೆ. 2015ರಲ್ಲಿ ಈ ಗಂಡು ಮರದ ಒಂದು ಕೊಂಬೆ ಹೆಣ್ಣಾಗಿ ಕೆಂಪು ಹಣ್ಣು ಬಿಟ್ಟು ಸಸ್ಯವಿಜ್ಞಾನಿಗಳನ್ನೇ ಬೆರಗಾಗಿಸಿತು. ಇಂಥ ಮರ ಸಾಯುತ್ತಿದೆ ಎಂದು ಷರಾ ಬರೆಯುವ ಮುನ್ನ ವರ್ಷಗಟ್ಟಲೆ ಗಮನಿಸಬೇಕು.

ಶತಮಾನಗಳ ಕಾಲ ತಾನೇ ಬದುಕಿದ ಮರಕ್ಕೆ ನಮ್ಮ ಆರೈಕೆ ಏಕೆ ಎಂಬ ಆಕ್ಷೇಪ ಉಂಟು. ಮರ ಅದೇ ಇರಬಹುದು, ಸುತ್ತಲಿನ ನೆಲ ಬದಲಾಗಿದೆ. ಓಡಾಟದಿಂದ ಗಟ್ಟಿಯಾದ ಮಣ್ಣಿನಲ್ಲಿ ಬೇರಿಗೆ ಗಾಳಿಯಾಡದು. ನೀರು ನಿಂತರೆ ಬೇರು ಕೊಳೆಸುವ ಫೈಟಾಫ್ತೊರಾ ಅಂಟುತ್ತದೆ (ನಮ್ಮ ಅಡಿಕೆಯ ಕೊಳೆರೋಗಕ್ಕೆ ಕಾರಣವೂ ಇದೇ ಕುಲ). ಆದರೂ ಇಂಗ್ಲೆಂಡಿನಲ್ಲಿ ಪ್ರಾಚೀನವೆಂಬ ಒಂದೇ ಕಾರಣಕ್ಕೆ ಮರಕ್ಕೆ ತಾನಾಗಿ ರಕ್ಷಣೆ ದೊರೆಯದು. ಸ್ಥಳೀಯ ಆಡಳಿತ ಪ್ರತ್ಯೇಕ ಆದೇಶ ಹೊರಡಿಸಬೇಕು. ಹಳೆಯ ಚರ್ಚಿನ ಗೋಡೆಗಿರುವ ಕಾನೂನಿನ ಕಾವಲು ಅಂಗಳದ ಮರಕ್ಕೂ ಸಿಗಬೇಕು.