ಜೇಡಸಾಕಣೆಯ ವಿಷಯವಾಗಿ ಒಂದೆರಡು ಮಾತು

ಕಳೆದ ವರುಷದ ಮಳೆಗಾಲದಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಒಬ್ಬರಿಂದ ನಮಗೊಂದು ಕಾಗದ ಬಂದಿತು. ಅವರು ಈಗ ಜಯನಗರದಲ್ಲಿ ಸಂಸಾರವಂದಿಗರಾಗಿರುವರು. ಅವರ ಮಗಳು ನಮ್ಮಲ್ಲಿಯೇ ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದಳು. ಕಾಗದದ ತಾತ್ಪರ್ಯವಿಷ್ಟು: ಹುಡುಗಿಯು ಟ್ಯಾರಂಟುಲಾ ಎಂಬ ದೊಡ್ಡ ಜೇಡವೊಂದನ್ನು ಗಾಜಿನ ಪೆಟ್ಟಿಗೆಯಲ್ಲಿ ಸಾಕಿಕೊಂಡಿರುವಳು; ದೀಪ ಹಚ್ಚುವ ಹೊತ್ತಿನಲ್ಲಿ ಅದಕ್ಕೆ ಹುಳುಹುಪ್ಪಟೆ ಹಾಕುತ್ತ ಕೂಡುವಳು; ಮಿಕ್ಕ ಹೊತ್ತೆಲ್ಲ ಅದರ ಛಾಯಾಚಿತ್ರ ತೆಗೆಯುವಳು; ಅಜ್ಜಿಯವರು ಆ ಕೋಣೆಗೆ ಕಾಲಿಡುವುದನ್ನೇ ಬಿಟ್ಟಿರುವರು; ‘ತಾವು ಒಂದು ಮಾತು ಹೇಳಿ ಇದನ್ನು ಬಿಡಿಸಬೇಕು, ಮೇಡಂ. ನಮ್ಮ ಮಾತು ಕೇಳುವುದಿಲ್ಲ, ತಮ್ಮ ಮಾತು ಕೇಳುವಳು.’

ಈ ಸಂಚಿಕೆಗೆ ಏನಾದರೂ ಬರೆದುಕೊಡಬೇಕೆಂದು ಸಂಪಾದಕಿಯರು ಕೇಳಿದಾಗ, ಶಾಲೆಯ ಕಟ್ಟಡದ ಇತಿಹಾಸಕ್ಕಿಂತಲೂ ಈ ಸಂಗತಿಯನ್ನು ಬರೆಯುವುದೇ ಮೇಲೆಂದು ನಮಗೆ ತೋರಿತು. ಏಕೆಂದರೆ ಆ ತಾಯಿಗೆ ನಾವು ಕೊಟ್ಟ ಉತ್ತರವು ಅವರಿಗೂ ಪೂರ್ಣವಾಗಿ ಹಿಡಿಸಲಿಲ್ಲ, ಮಗಳಿಗೂ ಹಿಡಿಸಲಿಲ್ಲ. ಇಂತಹ ಪೆಟ್ಟಿಗೆಗಳು ಜೆ. ಪಿ. ನಗರ, ಬನಶಂಕರಿ, ಬಿ. ಟಿ. ಎಂ. ಬಡಾವಣೆಗಳ ಬೇರೆ ಮನೆಗಳಲ್ಲಿಯೂ ಉಂಟೆಂದು ಆಮೇಲೆ ಹುಡುಗಿಯರಿಂದಲೇ ತಿಳಿಯಿತು.

ಮೊದಲು ನಮ್ಮ ತಪ್ಪನ್ನೊಪ್ಪಿಕೊಳ್ಳುವುದು ಯುಕ್ತ. ನಾವು ಉಪಾಧ್ಯಾಯಿನಿಯರ ತರಬೇತಿಯಲ್ಲಿದ್ದಾಗ ಹಾಸ್ಟೆಲಿನ ಸ್ನಾನದ ಮನೆಯ ಗೋಡೆಯಲ್ಲಿ ಅಂಗೈಯಗಲದ ಜೇಡವೊಂದನ್ನು ಕಂಡು ಪೊರಕೆಯಿಂದ ಹೊಡೆದು ಕೊಂದೆವು. ಅದರ ಎದೆಯಡಿಯಲ್ಲಿ ಬಿಳಿಯ ಬಿಲ್ಲೆಯಂತಹುದೊಂದಿತ್ತು; ಅದು ತತ್ತಿಯ ಚೀಲವೆಂದು ನಮಗೆ ಗೊತ್ತಾದುದು ಎಷ್ಟೋ ವರುಷಗಳ ತರುವಾಯ. ಬಲೆ ಕಟ್ಟದೆ ರಾತ್ರಿ ಗೋಡೆಗಳ ಮೇಲೆ ಜಿರಲೆಗಳನ್ನು ಬೇಟೆಯಾಡುವ ಆ ಜಾತಿಯು ಮನುಷ್ಯನಿಗೆ ಉಪಕಾರಿ. ಜೇಡ ಹರಿದ ಕಡೆಯಲ್ಲಿ ಗುಳ್ಳೆಯೇಳುವುದೆಂದು ನಮ್ಮ ಹಿರಿಯರು ಹೇಳುವುದುಂಟು. ಆ ಗುಳ್ಳೆಗಳಲ್ಲಿ ಬಹಳಷ್ಟನ್ನು ಎಬ್ಬಿಸುವುದು ಮಳೆಗಾಲದಲ್ಲಿ ದೀಪಕ್ಕೆ ಬರುವ ಪೆಡರಸ್ ಎಂಬ ಸಣ್ಣ ದುಂಬಿಯ ರಸ. ಅಪವಾದ ಮಾತ್ರ ಜೇಡದ ಪಾಲಿಗೆ ಬಂದಿದೆ. ಆದಕಾರಣ ಹುಡುಗಿಯನ್ನು ಕರೆಸಿದಾಗ ನಾವು ಉಪದೇಶ ಮಾಡುವ ಅಧಿಕಾರವುಳ್ಳವರಾಗಿರಲಿಲ್ಲ.

ಅವಳು ಬರಿಗೈಯಲ್ಲಿ ಬರಲಿಲ್ಲ. ಬಳೆಯ ಪೆಟ್ಟಿಗೆಯೊಂದರಲ್ಲಿ ಹತ್ತಿಯ ಮೇಲೆ ಎಂಟು ಕಾಲುಗಳೂ ಕೋರೆಹಲ್ಲುಗಳೂ ಸಹಿತವಾಗಿ ಒಂದು ಜೇಡವನ್ನಿಟ್ಟು ತಂದಿದ್ದಳು. ಬಾಗಿಲಲ್ಲಿ ನಿಂತಿದ್ದ ಆಯಾ ಕೂಗಿಕೊಂಡಳು. ಅದು ಜೇಡವಲ್ಲ, ಜೇಡವು ಕಳಚಿದ ಪೊರೆ. ಹೊಟ್ಟೆಯ ಭಾಗದ ಪೊರೆಯನ್ನು ನೀರಿನಲ್ಲಿ ನೆನೆಸಿ ಒಳಮೈಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಪ್ರಾಣಿಯು ಗಂಡೋ ಹೆಣ್ಣೋ ತಿಳಿಯುವುದೆಂದೂ, ತನ್ನದು ಹೆಣ್ಣೆಂದೂ ಅವಳು ವಿವರಿಸಿದಳು. ಎರಡು ಜೊತೆ ಶ್ವಾಸಾಂಗಗಳು, ಪುಸ್ತಕದ ಹಾಳೆಗಳಂತೆ ಅಡಕವಾದವು, ಎಲ್ಲಿದ್ದವೆಂದು ಕಡ್ಡಿಯ ತುದಿಯಿಂದ ತೋರಿಸಿದಳು. ಮಂಡಿಗಳನ್ನು ನೀಡಲು ಜೇಡಕ್ಕೆ ಸ್ನಾಯುಗಳಿಲ್ಲವೆಂದೂ, ಒಳಗಿನ ದ್ರವದ ಒತ್ತಡದಿಂದ ಕಾಲು ಚಾಚುವುದೆಂದೂ, ಆದುದರಿಂದಲೇ ಸತ್ತ ಜೇಡದ ಕಾಲುಗಳೆಲ್ಲ ಮುದುಡಿಕೊಳ್ಳುವುವೆಂದೂ ಹೇಳಿದಳು. ಪಾಠದಲ್ಲಿ ಎಂದೂ ಬಾಯಿ ಬಿಡದಿದ್ದ ಹುಡುಗಿ! ಇಪ್ಪತ್ತು ನಿಮಿಷ ನಾವು ಶಿಷ್ಯೆಯಾಗಿ ಕುಳಿತೆವು.

ಹೆಸರಿನ ವಿಷಯವಾಗಿ ಒಂದು ಮಾತು. ಕನ್ನಡದಲ್ಲಿ ಜೇಡನೆಂದರೆ ನೇಯುವವನು. ಮುದನೂರಿನ ಜೇಡರ ದಾಸಿಮಯ್ಯನ ಹೆಸರಿನಲ್ಲಿರುವುದು ಅದೇ ಶಬ್ದ. ಟ್ಯಾರಂಟುಲಾ ಎಂಬುದು ಇಟಲಿಯ ಟಾರಂಟೋ ಪಟ್ಟಣದಿಂದ ಹುಟ್ಟಿದುದು. ಅಲ್ಲಿ ಆ ಹೆಸರಿದ್ದುದು ಬೇರೊಂದು ಜಾತಿಯ ಜೇಡಕ್ಕೆ. ಈ ದೊಡ್ಡ ರೋಮಶ ಜೇಡಗಳನ್ನು ಯುರೋಪಿನ ಓದುಗರ ಮುಂದೆ ಚಿತ್ರದಲ್ಲಿ ನಿಲ್ಲಿಸಿದವಳು ಒಬ್ಬ ಸ್ತ್ರೀ. ಮಾರಿಯಾ ಸಿಬಿಲ್ಲಾ ಮೇರಿಯನ್ ಎಂಬಾಕೆಯು ತನ್ನ ಐವತ್ತೆರಡನೆಯ ವಯಸ್ಸಿನಲ್ಲಿ, ೧೬೯೯ರಲ್ಲಿ, ಕಿರಿಯ ಮಗಳೊಡನೆ ದಕ್ಷಿಣ ಅಮೆರಿಕೆಯ ಸುರಿನಾಮಿಗೆ ಹಡಗು ಹತ್ತಿದಳು. ೧೭೦೫ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಸೀಬೆಯ ಕೊಂಬೆಯ ಮೇಲೆ ಜೇಡವು ಸಣ್ಣ ಹಕ್ಕಿಯೊಂದನ್ನು ತಿನ್ನುತ್ತಿರುವಂತೆ ಬರೆದಳು. ಇದು ಕಟ್ಟುಕಥೆಯೆಂದು ಪಂಡಿತರು ಬಹುಕಾಲ ನಕ್ಕರು. ನೂರೈವತ್ತಕ್ಕೂ ಹೆಚ್ಚು ವರುಷಗಳ ಮೇಲೆ, ೧೮೬೩ರಲ್ಲಿ, ಹೆನ್ರಿ ಬೇಟ್ಸನು ಅಮೆಜಾನ್ ನದಿಯ ಪ್ರಾಂತದಲ್ಲಿ ತಾನೂ ಅಂತಹುದನ್ನು ಕಂಡೆನೆಂದು ಬರೆದಾಗ ನಗು ನಿಂತಿತು. ಈ ಕಥೆಯನ್ನು ನಾವು ಹುಡುಗಿಗೆ ಹೇಳಿದಾಗ ಅವಳು, ‘ಆಕೆ ಅದನ್ನು ಪೆಟ್ಟಿಗೆಯಲ್ಲಿಟ್ಟು ನೋಡಿದಳೋ, ಮರದ ಮೇಲೆಯೇ ನೋಡಿದಳೋ, ಮೇಡಂ?’ ಎಂದು ಕೇಳಿದಳು. ನಮ್ಮ ವಾದವೆಲ್ಲ ಆ ಪ್ರಶ್ನೆಯ ಸುತ್ತಲೇ ಇರುವುದು.

ಅವಳ ಜೇಡವು ಮೆಕ್ಸಿಕೋ ದೇಶದ ಜಾತಿ. ಕಪ್ಪು ಮೈ, ಮೊಣಕಾಲುಗಳಲ್ಲಿ ಕಿತ್ತಳೆಗೆಂಪಿನ ಪಟ್ಟೆ. ಸಾಧುವಾದುದು, ಹೆದರಿದರೆ ಹಿಂಗಾಲಿನಿಂದ ಹೊಟ್ಟೆಯ ನವಿರನ್ನು ಉದುರಿಸುವುದು, ಅದು ಕಣ್ಣಿಗೆ ಬಿದ್ದರೆ ತುಂಬ ಉರಿ. ಆದುದರಿಂದ ಮುಖವನ್ನು ಹತ್ತಿರಕ್ಕೆ ತರಬಾರದೆಂದು ಚಿತ್ರ ತೆಗೆಯುವವರಿಗೆ ವಿಶೇಷವಾಗಿ ಹೇಳಬೇಕು. ನಮ್ಮ ದೇಶದ ಮರಜೇಡಗಳಿಗೆ ಈ ನವಿರಿಲ್ಲ. ಅವು ಮಿಂಚಿನಂತೆ ಓಡುವುವು, ಕಚ್ಚಿದರೆ ನೋವು ಬಹಳ, ಸ್ನಾಯುಗಳು ಹಿಡಿದುಕೊಂಡು ದಿನಗಟ್ಟಲೆ ಬಾಧಿಸುವುದುಂಟು. ಕೈಯ ಮೇಲೆ ಆಡಿಸಲು ಯಾವುದೂ ತಕ್ಕುದಲ್ಲ. ಎರಡಡಿ ಎತ್ತರದಿಂದ ಬಿದ್ದರೂ ಹೊಟ್ಟೆಯೊಡೆದು ಸಾಯುವಷ್ಟು ಕೋಮಲವಾದ ಪ್ರಾಣಿ ಅದು. ಅಪಾಯವು ನಮಗಿಂತ ಅದಕ್ಕೇ ಹೆಚ್ಚು.

‘ಇದು ಎಲ್ಲಿಂದ ಬಂದಿತಮ್ಮ?’ ಎಂದು ಕೇಳಿದಾಗ ಹುಡುಗಿಯ ಸ್ವರ ಇಳಿಯಿತು. ದೊಡ್ಡಪ್ಪನ ಮಗನು ಹುಟ್ಟುಹಬ್ಬಕ್ಕೆ ತರಿಸಿಕೊಟ್ಟನಂತೆ. ಉಗುರಿನಷ್ಟಿದ್ದಾಗ ಔಷಧದ ಸೀಸೆಯಂತಹ ಡಬ್ಬಿಯಲ್ಲಿ, ಒದ್ದೆ ಹತ್ತಿಯ ನಡುವೆ ಬಂದಿತಂತೆ. ಕಾಗದಪತ್ರವೇನೂ ಇರಲಿಲ್ಲ. ೨೦೨೧ರ ಜುಲೈಯಲ್ಲಿ ಚೆನ್ನೈ ವಿಮಾನ ನಿಲ್ದಾಣದ ಸುಂಕದ ಅಧಿಕಾರಿಗಳು ಪೋಲೆಂಡಿನಿಂದ ಅಂಚೆಯಲ್ಲಿ ಬಂದ ಪೊಟ್ಟಣವೊಂದನ್ನು ಬಿಚ್ಚಿದಾಗ ಇಂತಹ ಡಬ್ಬಿಗಳಲ್ಲಿ ೧೦೭ ಜೀವಂತ ಜೇಡಗಳಿದ್ದುವು. ಅವುಗಳಲ್ಲಿ ಈ ಮೆಕ್ಸಿಕೋ ಪಂಗಡದವೂ ಇದ್ದುವೆಂದು ಪ್ರಾಣಿಶಾಸ್ತ್ರಜ್ಞರು ಗುರುತಿಸಿದರು. ಕೆಂಪು ಮೊಣಕಾಲಿನ ಜೇಡದ ವ್ಯಾಪಾರವು ‘ಸೈಟ್ಸ್’ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಹತೋಟಿಗೆ ಬಂದು ೧೯೮೫ಕ್ಕೇ ಆಯಿತು. ಅನುಮತಿಪತ್ರವಿಲ್ಲದೆ ಗಡಿ ದಾಟುವಂತಿಲ್ಲ. ನಮ್ಮ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ೨೦೨೨ರಲ್ಲಿ ಆದ ತಿದ್ದುಪಡಿಯು ೨೦೨೩ರ ಏಪ್ರಿಲ್ ೧ರಿಂದ ಜಾರಿಗೆ ಬಂದಿದೆ. ಒಪ್ಪಂದದ ಪಟ್ಟಿಯಲ್ಲಿರುವ ಪ್ರಾಣಿಯನ್ನು ಇಟ್ಟುಕೊಂಡವರು ವರದಿ ಮಾಡಿ ನೋಂದಾಯಿಸಬೇಕೆಂದು ೨೦೨೪ರಲ್ಲಿ ನಿಯಮಗಳೂ ಆಗಿವೆ. ಇದನ್ನೆಲ್ಲ ಆ ಮನೆಯಲ್ಲಿ ಯಾರೂ ತಿಳಿದಿರಲಿಲ್ಲ. ನಾವೂ ತಿಳಿದಿರಲಿಲ್ಲ, ಓದಿ ತಿಳಿದುಕೊಂಡೆವು.

ಸಾಕುವವರ ಪಕ್ಷದಲ್ಲಿ ನ್ಯಾಯವಿಲ್ಲದೆ ಇಲ್ಲ. ಒಂದು ತತ್ತಿಚೀಲದಿಂದ ನೂರಾರು ಮರಿಗಳು ಬರುವುದರಿಂದ ಪರದೇಶದ ಹವ್ಯಾಸಿಗಳು ಪೆಟ್ಟಿಗೆಯಲ್ಲಿಯೇ ತಲೆಮಾರುಗಳನ್ನು ಬೆಳೆಸಿರುವರು. ಹಾಗೆ ಬೆಳೆದುದನ್ನು ಕೊಂಡರೆ ಕಾಡಿಗೆ ನಷ್ಟವಿಲ್ಲವೆಂಬುದು ಅವರ ಮಾತು. ಆದರೆ ಡಬ್ಬಿಯೊಳಗಿನ ಮರಿಯು ತನ್ನ ತಾಯಿ ಪೆಟ್ಟಿಗೆಯದೋ ಕಾಡಿನದೋ ಎಂದು ಹೇಳಲಾರದು, ಮಾರುವವನು ಹೇಳುವುದನ್ನು ನಾವು ನಂಬಬೇಕು. ನಮ್ಮ ನೆರೆಯಲ್ಲಿಯೇ ನಡೆದುದನ್ನು ನೋಡಿದರೆ ಆ ನಂಬಿಕೆ ಕುಂದುವುದು. ಲಂಡನ್ನಿನ ವಸ್ತುಸಂಗ್ರಹಾಲಯದ ಪೋಕಾಕ್ ಎಂಬ ವಿದ್ವಾಂಸನು ೧೮೯೫ರಲ್ಲಿ ಮೈಸೂರು ಸೀಮೆಯ ಪಟ್ಟೆಯ ಮರಜೇಡವನ್ನೂ ೧೮೯೯ರಲ್ಲಿ ಗುತ್ತಿಯ ನೀಲಿ ಜೇಡವನ್ನೂ ವಿವರಿಸಿದನು. ಎರಡನೆಯದಕ್ಕೆ ಅವನ ಬಳಿಯಿದ್ದುದು ಬಳ್ಳಾರಿಗೆ ಸಮೀಪದ ಗುತ್ತಿಯ ರೈಲ್ವೆ ಮರದ ಅಂಗಳದಲ್ಲಿ ಸಿಕ್ಕಿದ ಒಂದೇ ಒಂದು ಜೇಡ. ನೂರು ವರುಷ ಅದನ್ನು ಮತ್ತಾರೂ ಕಂಡವರಿಲ್ಲ. ೨೦೦೧ರಲ್ಲಿ ನಂದ್ಯಾಲ ಗಿದ್ದಲೂರುಗಳ ನಡುವಣ ಕಾಡಿನಲ್ಲಿ ಪುನಃ ಕಾಣಿಸಿತು. ಕೆಲವೇ ವರುಷಗಳಲ್ಲಿ ಯುರೋಪು ಅಮೆರಿಕೆಗಳ ಗಾಜಿನ ಪೆಟ್ಟಿಗೆಗಳಲ್ಲಿಯೂ ಕಾಣಿಸಿತು. ಆ ನೀಲಿಯು ಬಣ್ಣದ್ರವ್ಯದಿಂದಾದುದಲ್ಲ. ನವಿರಿನೊಳಗಿನ ಸೂಕ್ಷ್ಮ ರಚನೆಯ ಮೇಲೆ ಬೆಳಕು ಬಿದ್ದು ಆಗುವುದು. ಛಾಯಾಚಿತ್ರಕ್ಕೆ ಅಷ್ಟು ಒಪ್ಪುವ ಪ್ರಾಣಿ ಮತ್ತೊಂದಿಲ್ಲ, ಅದೇ ಅದರ ದುರದೃಷ್ಟ. ಹಳೆಯ ಮರದ ಪೊಟರೆಗಳಲ್ಲಿ ವಾಸಿಸುವ ಅದು ೨೦೦೮ರಿಂದಲೂ ಅಳಿವಿನ ಅಂಚಿನಲ್ಲಿರುವವುಗಳ ಪಟ್ಟಿಯಲ್ಲಿದೆ. ಈ ಮರಜೇಡಗಳ ಪಂಗಡವೆಲ್ಲವೂ ಒಪ್ಪಂದದೊಳಕ್ಕೆ ಬಂದುದು ೨೦೧೯ರಲ್ಲಿ.

ಇನ್ನು ನಮ್ಮ ಅಭಿಪ್ರಾಯ. ಹುಡುಗಿಯ ಹವ್ಯಾಸವನ್ನು ‘ಹೆಣ್ಣುಮಕ್ಕಳಿಗೆ ಒಪ್ಪುವುದಲ್ಲ’ ಎಂಬ ಕಾರಣದಿಂದ ಬಿಡಿಸಲು ನಾವು ಒಪ್ಪಲಿಲ್ಲ. ತಾಯಿಗೆ ಹಾಗೆಯೇ ಬರೆದೆವು. ಆದರೆ ಇನ್ನೊಂದನ್ನು ಕೊಳ್ಳಬಾರದು, ಯಾರಿಗೂ ಕೊಡಿಸಬಾರದು ಎಂದು ಹುಡುಗಿಯಿಂದ ಮಾತು ತೆಗೆದುಕೊಂಡೆವು. ಇರುವುದರ ವಿಷಯವಾಗಿ ಅವಳ ತಂದೆಯವರು ಅರಣ್ಯ ಇಲಾಖೆಗೆ ತಾವಾಗಿಯೇ ಬರೆದು ತಿಳಿಸಿ ಅವರು ಹೇಳಿದಂತೆ ನಡೆದುಕೊಳ್ಳಬೇಕೆಂದೆವು. ತೆಗೆದುಕೊಂಡು ಹೋಗಿಬಿಟ್ಟರೆ? ಎಂದು ಹುಡುಗಿ ಅತ್ತಳು. ಹೋದರೆ ಹೋಗಬೇಕಾಗುವುದಮ್ಮಾ ಎಂದೆವು. ಇದು ನಮಗೆ ಸುಲಭವಾಗಿರಲಿಲ್ಲ. ‘ಪಾಪ, ತುರಹಳ್ಳಿಯ ಕಾಡಿನಲ್ಲಿ ಬಿಟ್ಟುಬಿಡಿ’ ಎಂದು ಸಹೋಪಾಧ್ಯಾಯಿನಿಯೊಬ್ಬರು ಸೂಚಿಸಿದರು. ಕರುಣೆಯ ಮಾತೇ ಸರಿ. ಆದರೆ ಮೆಕ್ಸಿಕೋದ ಪ್ರಾಣಿಯನ್ನು ಬನಶಂಕರಿಯಾಚೆಯ ಬಂಡೆಗಳ ನಡುವೆ ಬಿಡುವುದು ಅದನ್ನು ಸಾಯಗೊಡುವುದು, ಇಲ್ಲವೆ ಅಲ್ಲಿಯ ಜೀವಿಗಳಿಗೆ ಹೊಸ ಕೇಡನ್ನು ತರುವುದು.

ತಾಯಂದಿರು ಕೇಳಬೇಕಾದ ಮುಖ್ಯ ಪ್ರಶ್ನೆ ಬೇರೊಂದುಂಟು. ಗಂಡುಜೇಡವು ಪ್ರಾಯಕ್ಕೆ ಬಂದ ಮೇಲೆ ಹೆಚ್ಚು ಕಾಲ ಬದುಕದು. ಹೆಣ್ಣಾದರೋ ಇಪ್ಪತ್ತು ವರುಷ ಮೀರಿಯೂ ಇರುವುದು. ಒಂಬತ್ತನೆಯ ತರಗತಿಯ ಹುಡುಗಿ ಕಾಲೇಜಿಗೆ ಹೋಗುವಳು, ಉದ್ಯೋಗಕ್ಕೆ ಹೋಗುವಳು, ಪರವೂರಿಗೆ ಹೋಗುವಳು. ಆಗ ಪೆಟ್ಟಿಗೆಯ ಮುಂದೆ ಕೂಡುವವರಾರು? ಇದನ್ನು ನಾವು ಕೇಳಿದಾಗ ಅಜ್ಜಿಯವರು, ‘ಇನ್ನಾರು, ನಾನೇ!’ ಎಂದರಂತೆ. ಆ ಮನೆಯಲ್ಲಿ ಎಲ್ಲರಿಗೂ ಮೊದಲು ಪರಿಸ್ಥಿತಿಯನ್ನರಿತವರು ಅವರೇ.

ಛಾಯಾಚಿತ್ರದ ವಿಷಯದಲ್ಲಿ ನಮಗೆ ಎರಡು ಮನಸ್ಸಿಲ್ಲ, ಅದು ಬೆಳೆಯಬೇಕು. ಇ. ಹನುಮಂತರಾವ್, ಟಿ. ಎನ್. ಎ. ಪೆರುಮಾಳ್ ಮುಂತಾದವರಿದ್ದ ಈ ಊರಿಗೆ ವನ್ಯಜೀವಿಗಳ ಚಿತ್ರವು ಹೊಸದಲ್ಲ. ಮೂಡಿಗೆರೆಯ ತೋಟದಲ್ಲಿ ಕುಳಿತು ತೇಜಸ್ವಿಯವರು ಹಕ್ಕಿಗಳಿಗಾಗಿ ಎಷ್ಟು ಕಾದರೆಂಬುದನ್ನು ಅವರ ಪುಸ್ತಕಗಳನ್ನೋದಿದವರು ಬಲ್ಲರು. ಪೆಟ್ಟಿಗೆಯ ಪ್ರಾಣಿಯು ಕಾಯುವುದನ್ನು ಕಲಿಸದು; ಬೇಕಾದಾಗ ಮುಚ್ಚಳ ತೆಗೆದರಾಯಿತು. ಅದಕ್ಕಿಂತ ಕೆಟ್ಟುದು, ಅಲುಗಾಡದಿರಲೆಂದು ಜೇಡವನ್ನು ಶೀತಪೆಟ್ಟಿಗೆಯಲ್ಲಿಟ್ಟು ಮರಗಟ್ಟಿಸಿ ಚಿತ್ರ ತೆಗೆಯುವುದು, ಬಿಲದೊಳಕ್ಕೆ ಹುಲ್ಲುಕಡ್ಡಿ ತೂರಿ ಹೊರಗೆಳೆಯುವುದು. ಅಪರೂಪದ ಜಾತಿಯು ಸಿಕ್ಕಿದ ಜಾಗವನ್ನು ಚಿತ್ರದ ಕೆಳಗೆ ಬರೆದು ಪ್ರಕಟಿಸುವುದೂ ಅಷ್ಟೇ ಅವಿವೇಕ. ಹಿಡಿಯುವವನು ಓದುಗರಲ್ಲಿಯೇ ಇರುವನು.

ಆಸ್ಟ್ರೇಲಿಯದ ಬಾರ್ಬರಾ ಯಾರ್ಕ್ ಮೇನ್ ಎಂಬಾಕೆಯ ಸಂಗತಿಯನ್ನು ನಾವು ಹುಡುಗಿಯರಿಗೆ ಹೇಳಿದೆವು. ಆಕೆಯು ೧೯೭೪ರಲ್ಲಿ ಒಂದು ಮೀಸಲು ಪ್ರದೇಶದ ಕದಬಿಲದ ಜೇಡಗಳಿಗೆ ಅಂಕಿಗಳನ್ನು ಕೊಟ್ಟು ಬಿಲಗಳ ಬಳಿ ಗುರುತು ನೆಟ್ಟಳು. ಜೇಡವನ್ನು ಹಿಡಿಯಲಿಲ್ಲ; ವರುಷ ವರುಷವೂ ಹೋಗಿ ನೋಡಿದಳು. ಹದಿನಾರನೆಯ ಅಂಕಿಯ ಹೆಣ್ಣುಜೇಡವು ತನ್ನ ಒಂದೇ ಬಿಲದಲ್ಲಿ ೪೩ ವರುಷ ಬದುಕಿತು. ೨೦೧೬ರಲ್ಲಿ ಕಣಜವೊಂದು ಬಿಲದ ಕದವನ್ನು ಕೊರೆದು ಒಳಹೊಕ್ಕಿದ್ದುದು ಕಂಡಿತು. ನಮಗೆ ತಿಳಿದ ಜೇಡಗಳಲ್ಲಿ ಅತ್ಯಂತ ದೀರ್ಘಾಯುವಾದುದು ಅದೇ; ಯಾರ ಪೆಟ್ಟಿಗೆಯಲ್ಲಿಯೂ ಇದ್ದುದಲ್ಲ.

ಅಂದಿನಿಂದ ನಮ್ಮಲ್ಲಿ ಜೇಡಗಳ ಒಂದು ನೋಟುಪುಸ್ತಕವುಂಟು. ಕಾಂಪೌಂಡಿನ ಗುಲಾಬಿ ಗಿಡಗಳಲ್ಲಿ ಬಲೆಯ ನಡುವೆ ಬಿಳಿಯ ಅಂಕುಡೊಂಕು ಗೆರೆಯೆಳೆದು ಕೂಡುವ ಜೇಡ, ಮಾವಿನ ಮರದಲ್ಲಿ ಮುಂಗಾಲುಗಳನ್ನು ಮೀಸೆಯಂತೆತ್ತಿ ಕೆಂಜಿಗದ ವೇಷ ಹಾಕುವ ಜೇಡ, ತೊಗಟೆಯ ಮೇಲೆ ತೊಗಟೆಯೇ ಆಗಿ ಅಂಟಿರುವ ಎರಡು ಬಾಲದ ಜೇಡ, ಇವುಗಳ ಚಿತ್ರಗಳನ್ನು ಹುಡುಗಿಯರು ದೂರವಾಣಿಯ ಕ್ಯಾಮರಾಕ್ಕೆ ಸಣ್ಣ ಮಸೂರವೊಂದನ್ನು ಸಿಕ್ಕಿಸಿ ತೆಗೆದಿರುವರು. ಬೆಳಕು ಮೆತ್ತಗಾಗಲೆಂದು ಎಣ್ಣೆಕಾಗದವನ್ನು ದೀಪದ ಮುಂದೆ ಹಿಡಿಯುವ ಉಪಾಯವನ್ನು ಕಲಿಸಿದವಳು ಆ ಜಯನಗರದ ಹುಡುಗಿಯೇ. ಅವಳ ಜೇಡದ ವಿಷಯವಾಗಿ ಇಲಾಖೆಯ ಉತ್ತರವನ್ನು ಇನ್ನೂ ನಿರೀಕ್ಷಿಸುತ್ತಿದ್ದಾರೆ. ಅದು ಸದ್ಯಕ್ಕೆ ಆಹಾರ ಬಿಟ್ಟು ಇನ್ನೊಂದು ಪೊರೆ ಕಳಚಲು ಸಿದ್ಧವಾಗುತ್ತಿದೆಯಂತೆ. ಅಜ್ಜಿಯವರು ಬಾಗಿಲ ಹೊಸ್ತಿಲವರೆಗೆ ಬಂದು ವಿಚಾರಿಸುವರಂತೆ.

ನಮ್ಮ ಕಾಂಪೌಂಡಿನಲ್ಲಿ ಹಳೆಯ ಮರಗಳು ನಾಲ್ಕೇ ಉಳಿದಿವೆ. ಜಯನಗರ, ಬನಶಂಕರಿಗಳಲ್ಲಿ ಮನೆಯ ಹಿತ್ತಲಲ್ಲಿ ಮಾವು, ಹಲಸು, ಸೀಬೆ ಮರಗಳನ್ನು ಇನ್ನೂ ಕಡಿಸದೆ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿನಿಯರು, ಶನಿವಾರ ಸಂಜೆ ಹತ್ತು ಹನ್ನೆರಡು ಮಂದಿ ಹುಡುಗಿಯರು ಬ್ಯಾಟರಿ ದೀಪ ಹಿಡಿದು ಬಂದರೆ ಬೇಸರಪಡುವುದಿಲ್ಲವಾದರೆ, ಶಾಲೆಯ ಆಫೀಸಿಗೆ ಒಂದು ಸಾಲು ಬರೆದು ತಿಳಿಸಬೇಕು. ಕಾಫಿ ತಿಂಡಿಯ ಏರ್ಪಾಡು ಬೇಡ. ಆ ವಾರ ಮಾತ್ರ ಮರಕ್ಕೆ ಔಷಧ ಸಿಂಪಡಿಸದಿದ್ದರೆ ಸಾಕು.