ಎಂಟು ಎಳೆ ತಂತಿಗೆ ಇಂಗ್ಲಿಷಿನ ಭಯವೇಕೆ?

ಕನ್ನಡದ ತರುಣರೇ,

ಬೆಂಗಳೂರನ್ನು ಐಟಿ ರಾಜಧಾನಿ ಎಂದು ಹೊಗಳುವವರಿಗೆ ಬರವಿಲ್ಲ. ಗಾಜಿನ ಕಟ್ಟಡಗಳಲ್ಲಿ ಕೂತು ಪ್ರೋಗ್ರಾಂ ಬರೆಯುವವರ ಸಂಬಳದ ಮಾತೇ ಎಲ್ಲರ ಬಾಯಲ್ಲಿ. ಆದರೆ ಆ ಕಟ್ಟಡದ ಗೋಡೆಯೊಳಗೆ, ಛಾವಣಿಯ ಮೇಲೆ ಹರಿದಾಡುವ ತಂತಿಯನ್ನು ಎಳೆದವರು ಯಾರು? ಅದು ಕೆಟ್ಟರೆ ಓಡಿಬಂದು ಸರಿಮಾಡುವವರು ಯಾರು? ಎಂದಾದರೂ ಕೇಳಿದ್ದೀರಾ? ಆ ತಂತಿ ಕೈಕೊಟ್ಟ ದಿನ ಲಕ್ಷ ಸಂಬಳದವನೂ ಕೈಕಟ್ಟಿ ಕೂರಬೇಕು.

ಹೊಸದುರ್ಗ ತಾಲ್ಲೂಕಿನ ಮಾಡದಕೆರೆಯಂಥ ಹೋಬಳಿ ಊರುಗಳಿಂದ ಎಸ್ಸೆಸ್ಸೆಲ್ಸಿ, ಪಿಯುಸಿ ಮುಗಿಸಿ ಬೆಂಗಳೂರಿನ ಬಸ್ಸು ಹತ್ತುವ ಹುಡುಗರು ಎಷ್ಟೋ ಮಂದಿ. ಇಲ್ಲಿ ಬಂದವರು ಗೇಟು ಕಾಯುತ್ತಾರೆ, ಪಾರ್ಸೆಲ್ ಹೊರುತ್ತಾರೆ. ಆ ಕೆಲಸ ಕೀಳೆಂದು ನಾವು ಹೇಳುವುದಿಲ್ಲ. ಆದರೆ ಕಂಪ್ಯೂಟರ್ ಕೆಲಸ ಏಕೆ ಕಲಿಯಲಿಲ್ಲ ಎಂದರೆ ಸಿಗುವ ಉತ್ತರ ಒಂದೇ: ‘ನಮಗೆ ಇಂಗ್ಲಿಷ್ ಬರಲ್ಲ ಸಾರ್.’ ಈ ಮಾತನ್ನು ನಾವು ಒಪ್ಪುವುದಿಲ್ಲ.

ಆ ಸೀಮೆಯವರಿಗೆ ಮಾರಿಕಣಿವೆ ಗೊತ್ತು. ವೇದಾವತಿಗೆ ಅಡ್ಡಲಾಗಿ ಕಟ್ಟಿ 1907ರಲ್ಲಿ ಮುಗಿಸಿದ ಅಣೆಕಟ್ಟು. ಅಣೆಯಲ್ಲಿ ನೀರು ನಿಂತರೆ ಸಾಕೇ? ಕಾಲುವೆ ಬೇಕು, ತೂಬು ಬೇಕು, ನೀರುಗಂಟಿ ಬೇಕು. ಇಂಟರ್‌ನೆಟ್ಟೂ ಹಾಗೆಯೇ. ಕೇಬಲ್ಲೇ ಕಾಲುವೆ. ಬಂದದ್ದನ್ನು ಆಯಾ ಕಂಪ್ಯೂಟರಿಗೆ ತಿರುಗಿಸುವ ಸ್ವಿಚ್ಚೇ ತೂಬು. ಹೊರಗಿನ ದೊಡ್ಡ ಕಾಲುವೆಗೆ ನಿಮ್ಮ ಆಫೀಸಿನ ಕಾಲುವೆಯನ್ನು ಸೇರಿಸುವುದು ರೂಟರ್. ಈ ಕಾಲುವೆಯ ನೀರುಗಂಟಿ ನೀವೇಕೆ ಆಗಬಾರದು?

ಕಲಿಯಬೇಕಾದ್ದು ಬೆಟ್ಟದಷ್ಟಿಲ್ಲ. ಕೇಬಲ್ಲಿನ ಸಿಪ್ಪೆ ಸುಲಿದರೆ ಎಂಟು ಎಳೆ, ಹುರಿ ಹಾಕಿದ ನಾಲ್ಕು ಜೋಡಿ. ಹುರಿ ಅಂದಕ್ಕಾಗಿ ಹಾಕಿದ್ದಲ್ಲ. ಅಕ್ಕಪಕ್ಕದ ತಂತಿಗಳಿಂದ ಬರುವ ಗದ್ದಲ ಜೋಡಿಯ ಎರಡೂ ಎಳೆಗೆ ಸಮನಾಗಿ ತಗಲುವುದರಿಂದ ಆಚೆ ತುದಿಯ ಯಂತ್ರ ಅದನ್ನು ಕಳೆದುಹಾಕುತ್ತದೆ. ಆದ್ದರಿಂದ ತುದಿಯಲ್ಲಿ ಅರ್ಧ ಇಂಚಿಗಿಂತ ಹೆಚ್ಚು ಹುರಿ ಬಿಚ್ಚಬೇಡಿ.

ಪ್ಲಗ್ಗಿನ ಚಿನ್ನದ ಬಣ್ಣದ ಹಲ್ಲುಗಳು ನಿಮ್ಮ ಕಡೆಗಿರಲಿ, ತಂತಿ ಹೋಗುವ ಬಾಯಿ ಕೆಳಗಿರಲಿ. ಎಡದಿಂದ ಬಲಕ್ಕೆ ಹೀಗೆ ಜೋಡಿಸಿ: ಬಿಳಿ-ಕಿತ್ತಳೆ, ಕಿತ್ತಳೆ, ಬಿಳಿ-ಹಸಿರು, ನೀಲಿ, ಬಿಳಿ-ನೀಲಿ, ಹಸಿರು, ಬಿಳಿ-ಕಂದು, ಕಂದು. ಎರಡೂ ತುದಿಗೆ ಇದೇ ಕ್ರಮ. ಕ್ರಿಂಪಿಂಗ್ ಇಕ್ಕಳದಲ್ಲಿ ಒತ್ತಿ, ಟೆಸ್ಟರಿಗೆ ಸಿಕ್ಕಿಸಿ. ಒಂದರಿಂದ ಎಂಟರವರೆಗೆ ದೀಪಗಳು ಸಾಲಾಗಿ ಹೊತ್ತಿದರೆ ಗೆದ್ದಿರಿ.

ಇನ್ನು ಮೂರು ಮಾತು ನೆನಪಿಡಿ. ತಾಮ್ರದ ಕೇಬಲ್ 100 ಮೀಟರ್ ದಾಟಬಾರದು. ದಾಟಬೇಕಾದರೆ ನಡುವೆ ಸ್ವಿಚ್ ಇಡಿ, ಇಲ್ಲವೇ ಫೈಬರ್ ಎಳೆಯಿರಿ. ಕರೆಂಟಿನ ವೈರಿನ ಜೊತೆ ಒಂದೇ ಪೈಪಿನಲ್ಲಿ ಎಳೆಯಬೇಡಿ. ಮೂರನೆಯದು, ಅಗ್ಗದ ಮಾಲಿಗೆ ಮೋಸ ಹೋಗಬೇಡಿ. ತಾಮ್ರದ ಲೇಪ ಕೊಟ್ಟ ಅಲ್ಯೂಮಿನಿಯಂ ಕೇಬಲ್ ಮಾರುಕಟ್ಟೆಯಲ್ಲಿದೆ. ಎಳೆಯನ್ನು ಬ್ಲೇಡಿನಿಂದ ಕೆರೆದು ನೋಡಿ, ಒಳಗೆ ಬೆಳ್ಳಗಿದ್ದರೆ ಅಂಗಡಿಯವನ ಮುಖಕ್ಕೇ ವಾಪಸ್ ಕೊಡಿ.

ಇದರಲ್ಲಿ ಇಂಗ್ಲಿಷ್ ಎಲ್ಲಿದೆ? ಬಣ್ಣ ಗುರುತಿಸಲು ಕಣ್ಣು ಸಾಕು. ಕೇಬಲ್, ಸ್ವಿಚ್ಚು, ರೂಟರ್ ಎಂಬ ಹೆಸರುಗಳಷ್ಟೇ ಪರಭಾಷೆಯವು. ಬಸ್ಸು, ರೈಲು, ಟಿಕೇಟು ನಮ್ಮವಾದ ಹಾಗೆ ಅವೂ ನಮ್ಮವಾಗುತ್ತವೆ.

ಅಚ್ಚುಮನೆ ನಡೆಸುವವನಾಗಿ ಈ ಮಾತು ಹೇಳುತ್ತಿದ್ದೇನೆ. ಕಂಪೋಸಿಂಗ್, ಗ್ಯಾಲಿ, ಪ್ರೂಫ್ — ನಮ್ಮ ಕಸುಬಿನ ಮಾತುಗಳೆಲ್ಲ ಇಂಗ್ಲಿಷಿನವೇ. ನಾಲ್ಕನೇ ಕ್ಲಾಸು ದಾಟದವರೂ ಕನ್ನಡದಲ್ಲೇ ಕೇಳಿ, ಕನ್ನಡದಲ್ಲೇ ಕಲಿತು ಮೊಳೆ ಜೋಡಿಸಿದರು. ಒಂದು ಮೊಳೆ ತಿರುಗಮುರುಗಾದರೆ ಇಡೀ ಸಾಲು ಕೆಡುತ್ತಿತ್ತು. ಎಂಟು ಎಳೆಯ ಲೆಕ್ಕವೂ ಅಷ್ಟೇ. ಆಮೇಲೆ ಡಿಟಿಪಿ ಬಂತು, ಮೊಳೆ ಗುಜರಿಗೆ ಹೋಯಿತು. ಕೀಲಿಮಣೆ ಕಲಿತವರು ಉಳಿದರು, ಬೈಯುತ್ತ ಕೂತವರು ಮನೆಗೆ ಹೋದರು. ಕಸುಬು ಯಾರಿಗೂ ಕಾಯುವುದಿಲ್ಲ.

ಹಾಗಾದರೆ ಎಲ್ಲಿ ಕಲಿಯಬೇಕು? ಐಟಿಐಗಳಲ್ಲಿ ಕಂಪ್ಯೂಟರ್ ಹಾಗೂ ಸಂಪರ್ಕ ವ್ಯವಸ್ಥೆಯ ನಿರ್ವಹಣೆಗೆಂದೇ ಎರಡು ವರ್ಷದ ತರಬೇತಿ ಇದೆ; ನಿಮ್ಮ ಹತ್ತಿರದ ಐಟಿಐನಲ್ಲಿ ವಿಚಾರಿಸಿ. ಬೆಂಗಳೂರಿನಲ್ಲಿರುವವರಿಗೆ ಎಸ್.ಪಿ. ರಸ್ತೆಯೇ ಬಯಲು ಶಾಲೆ. ಹಳೆಯ ಕಂಪ್ಯೂಟರ್ ಒಂದನ್ನು ಕೊಂಡು ಬಿಚ್ಚಿ ಜೋಡಿಸಿ. ಬಿಚ್ಚುವ ಮುನ್ನ ಪ್ಲಗ್ ಕೀಳಿ, ಮೈಯ ಸ್ಥಿರವಿದ್ಯುತ್ ಇಳಿಯಲು ಅದರ ಬರಿಯ ಕಬ್ಬಿಣವನ್ನೊಮ್ಮೆ ಮುಟ್ಟಿ.

ಕಲಿಸುವವರಿಗೂ ಒಂದು ಮಾತು. ನಿಮ್ಮ ಮುಂದೆ ಕೂತ ಹುಡುಗ ಕನ್ನಡದವನಾದರೆ ಕನ್ನಡದಲ್ಲೇ ಹೇಳಿಕೊಡಿ. ಅರ್ಥವಾಗದೆ ತಲೆಯಾಡಿಸುವ ವಿದ್ಯಾರ್ಥಿ ನಾಳೆ ನಾಲ್ಕು ಜನರ ಮುಂದೆ ತಲೆತಗ್ಗಿಸುತ್ತಾನೆ.

ಇದು ಬೆಂಗಳೂರಿಗಷ್ಟೇ ಸೇರಿದ ಮಾತಲ್ಲ. ಗ್ರಾಮ ಪಂಚಾಯಿತಿಗಳಿಗೆ ಫೈಬರ್ ಎಳೆಯುವ ಯೋಜನೆಗೆ ಕೇಂದ್ರ 2011ರಲ್ಲಿ ಒಪ್ಪಿಗೆ ಕೊಟ್ಟಿತು. 2015ರಲ್ಲಿ ಅದಕ್ಕೆ ಭಾರತ್‌ನೆಟ್ ಎಂದು ಹೆಸರಾಯಿತು. ಜೆಸಿಬಿ ರಸ್ತೆ ಅಗೆದಾಗ ಕೇಬಲ್ ತುಂಡಾಗುವುದು ಹೊಸತೇನಲ್ಲ. ಆಗ ಪಟ್ಟಣದಿಂದ ಯಾರೋ ಬರುವವರೆಗೆ ಪಹಣಿ, ಪಿಂಚಣಿ ಎಂದು ಬಂದ ಮುದುಕರು ‘ಸರ್ವರ್ ಇಲ್ಲ’ ಎಂಬ ಮಾತು ಕೇಳಿ ವಾಪಸ್ ಹೋಗಬೇಕೇ? ಊರಲ್ಲೇ ಕೆಲಸ ಬಲ್ಲ ಹುಡುಗನಿದ್ದರೆ ದೋಷ ಒಳಗಿದೆಯೋ ಹೊರಗಿದೆಯೋ ಎಂದಾದರೂ ಅರ್ಧ ಗಂಟೆಯಲ್ಲಿ ಹೇಳುತ್ತಾನೆ.

ಸ್ಥಳೀಯರಿಗೆ ಕೆಲಸ ಕೊಡಿ ಎಂದು ಸರೋಜಿನಿ ಮಹಿಷಿ ವರದಿ 1984ರಲ್ಲೇ ಹೇಳಿತು. ಜುಲೈ 2024ರಲ್ಲಿ ಸಚಿವ ಸಂಪುಟ ಒಪ್ಪಿದ ಮಸೂದೆಯನ್ನು ಎರಡೇ ದಿನದಲ್ಲಿ ತಡೆಹಿಡಿಯಲಾಯಿತು. ಹೋರಾಟ ನಿಲ್ಲಬಾರದು, ನಿಲ್ಲುವುದೂ ಇಲ್ಲ. ಆದರೆ ನಾಳೆ ಬಾಗಿಲು ತೆರೆದು ‘ಕೆಲಸ ಬಲ್ಲವರು ಒಳಗೆ ಬನ್ನಿ’ ಎಂದರೆ ನಮ್ಮಲ್ಲಿ ಎಷ್ಟು ಜನ ಹೆಜ್ಜೆ ಮುಂದಿಡುತ್ತೇವೆ?

ಈ ಭಾನುವಾರ ನಾಲ್ಕು ಗೆಳೆಯರು ಸೇರಿ. ಒಂದು ಇಕ್ಕಳ, ಒಂದು ಟೆಸ್ಟರ್, ಹತ್ತು ಪ್ಲಗ್ಗು, ಐದು ಮೀಟರ್ ಕೇಬಲ್ ಕೊಳ್ಳಿ. ಮೊದಲ ಪ್ಲಗ್ಗು ಹಾಳಾದರೆ ಆಗಲಿ. ಹತ್ತನೆಯದು ಹಾಳಾಗುವುದಿಲ್ಲ.